ಹನ್ನೊಂದನೇ ಡಬ್ಬದ ಗಿಡ

ಮೂರನೇ ತರಗತಿಯ ತೋಟ ಎಂದರೆ ದೊಡ್ಡದೇನನ್ನೋ ಊಹಿಸಿಕೊಳ್ಳಬೇಡಿ. ಶಾಲೆಯ ಹಿಂಬದಿಯ ಗೋಡೆಗೆ ತಾಗಿಕೊಂಡು ಒಂದು ಉದ್ದನೆಯ ಕಟ್ಟೆ, ಕಟ್ಟೆಯ ಮೇಲೆ ಇಪ್ಪತ್ತಾರು ಪೇಂಟ್ ಡಬ್ಬ, ಡಬ್ಬಕ್ಕೊಂದು ಮೆಣಸಿನ ಗಿಡ. ಹಾಜರಿ ಪುಸ್ತಕದಲ್ಲಿ ಯಾರ ನಂಬರ್ ಎಷ್ಟೋ ಅವರ ಡಬ್ಬದ ಮೇಲೆ ಬಿಳಿ ಬಣ್ಣದಲ್ಲಿ ಅದೇ ನಂಬರ್. ಡಬ್ಬಗಳ ತಳಕ್ಕೆ ತೂತು ಹೊಡೆದುಕೊಟ್ಟವನು ಗೇಟಿನಜ್ಜ. ಮೊದಲ ಐದಾರು ಡಬ್ಬಗಳಿಗೆ ನಾಲ್ಕು ನಾಲ್ಕು ತೂತು ಹೊಡೆಯುವಷ್ಟರಲ್ಲಿ ಅವನ ತಾಳ್ಮೆ ಮುಗಿಯಿತು. ಉಳಿದವಕ್ಕೆ ಒಂದೊಂದೇ ಧಾರಾಳ ಎಂದು ತಾನೇ ತೀರ್ಪು ಕೊಟ್ಟು ಕೈತೊಳೆದುಕೊಂಡ.

ಈ ತೋಟಕ್ಕೆ ಟೀಚರ್ ಮಾಡಿದ್ದು ಒಂದೇ ಕಾನೂನು. ನಿನ್ನ ಗಿಡಕ್ಕೆ ನಿನ್ನ ಕೈ. ಇನ್ನೊಬ್ಬರ ಗಿಡದ ತಂಟೆಗೆ ಹೋಗುವಂತಿಲ್ಲ. ಹಿಂದಿನ ವರ್ಷ ಯಾರೋ ಯಾರದೋ ಗಿಡದ ಎಲೆ ಹರಿದು, ಅವರು ಇವರ ಗಿಡವನ್ನೇ ಬುಡಸಮೇತ ಕಿತ್ತು, ಕೊನೆಗೆ ಎರಡೂ ಮನೆಯ ಅಪ್ಪಂದಿರು ಹೆಡ್‌ಮಾಸ್ಟರ ಕೋಣೆಯಲ್ಲಿ ತೋಳೇರಿಸಿಕೊಂಡು ನಿಂತಿದ್ದರಂತೆ. ಕಾನೂನು ಮುರಿದವರಿಗೆ ಶುಕ್ರವಾರ ಕಟ್ಟೆ ತೊಳೆಯುವಾಗ ರಬ್ಬರ್ ಪೈಪ್ ಹಿಡಿಯುವ ಸರದಿ ಇಲ್ಲ. ಎಂಟು ವರ್ಷದ ಮಕ್ಕಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ನ್ಯಾಯಾಧೀಶನೂ ಕೊಡಲಾರ.

ಹನ್ನೊಂದನೇ ಡಬ್ಬ ಗಿಳಿಯದು, ಹನ್ನೆರಡನೆಯದು ಪಿಸುವಿನದು. ಇವು ತರಗತಿ ಇಟ್ಟ ಹೆಸರುಗಳು. ಗಿಳಿಯ ಬಾಯಿ ಒಂದು ನಿಮಿಷ ಸುಮ್ಮನಿದ್ದರೆ ಟೀಚರೇ ತಲೆಯೆತ್ತಿ ಹುಷಾರಿಲ್ಲವೇ ಎಂದು ಕೇಳುತ್ತಿದ್ದರು. ಪಿಸು ಹಾಜರಿ ಹೇಳಿದರೆ ಎರಡನೇ ಬೆಂಚಿಗೂ ಕೇಳಿಸುತ್ತಿರಲಿಲ್ಲ. ಅವಳ ಪರವಾಗಿ ಗಿಳಿಯೇ "ಬಂದಿದ್ದಾಳೆ ಟೀಚರ್" ಎಂದು ಕೂಗಿ ಹೇಳುತ್ತಿದ್ದಳು. ಹೀಗೆ ಒಬ್ಬಳ ಬಾಯಲ್ಲಿ ಇಬ್ಬರ ಸಂಸಾರ ನಡೆಯುತ್ತಿತ್ತು. ಗಿಳಿಗೆ ಶಾಲೆಯ ತುಂಬ ಗೆಳೆಯರು, ಜಗಳಕ್ಕೂ ಜನ ಬೇಕಾದಷ್ಟು. ಪಿಸುವಿಗೆ ಇದ್ದವಳು ಗಿಳಿಯೊಬ್ಬಳೇ.

ಆ ಗಿಳಿಗೆ ಮಂಗನಬಾವು ಬಂತು. ಮೂಗಿನಿಂದ ಕೆಳಗೆ ಮುಖವೆಲ್ಲ ಊದಿಕೊಂಡು, ಬಾಯಿ ತೆರೆದರೆ ಜೀವ ಹೋಗುವಷ್ಟು ನೋವು. ಮೂರು ವಾರ ಮನೆಯಿಂದ ಹೊರಗೆ ಬರಕೂಡದು, ಮಕ್ಕಳ್ಯಾರೂ ಹತ್ತಿರ ಸುಳಿಯಕೂಡದು ಎಂದು ಡಾಕ್ಟರು ಹೇಳಿಬಿಟ್ಟರು. ರಜೆಚೀಟಿ ಕೊಡಲು ಅವಳಮ್ಮ ಬಂದಾಗ ಗಿಳಿ ಕತ್ತಿಗೆ ಶಾಲು ಸುತ್ತಿಕೊಂಡು ಗೇಟಿನ ಹೊರಗೆ ಸ್ಕೂಟರಿನ ಮೇಲೆ ಕೂತಿದ್ದಳು. ಪಿಸು ಗೇಟಿನ ಒಳಗೆ ನಿಂತಿದ್ದಳು. ಗಿಳಿ ಹಲ್ಲು ಕಚ್ಚಿಕೊಂಡೇ ಮಾತಾಡಿದಳು.

"ಹನ್ನೊಂದನ್ನ ನೀನೇ ನೋಡ್ಕೋ. ಬೇರೆ ಯಾರಿಗೂ ಕೊಡ್ಬೇಡ. ನಾ ಬರೋ ಹೊತ್ತಿಗೆ ಇರ್ಬೇಕು."

ಪಿಸು ತಲೆಯಾಡಿಸಿದಳು. ಟೀಚರ್ ಕೂಡ ಒಪ್ಪಿಕೊಂಡು, ಗಿಳಿ ಬರುವ ತನಕ ಹನ್ನೊಂದನೇ ಡಬ್ಬ ಪಿಸುವಿನ ಜವಾಬ್ದಾರಿ, ಮಿಕ್ಕವರು ಮೂಗು ತೂರಿಸುವಂತಿಲ್ಲ ಎಂದು ತರಗತಿಗೆ ಸಾರಿದರು.

ಪಿಸು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು. ದಿನಕ್ಕೆ ಅರ್ಧ ಮಗ್ಗು ನೀರು, ಬೆಳಗ್ಗೆ ಗಂಟೆ ಹೊಡೆಯುವ ಮುಂಚೆ, ಎಲೆಗೆ ತಾಗದಂತೆ ಬುಡಕ್ಕೆ. ಮೊದಲ ವಾರ ಎಲ್ಲ ಸರಿಯಾಗಿತ್ತು. ಎರಡನೇ ವಾರ ಕೆಳಗಿನ ಎಲೆಗಳು ಹಳದಿಯಾದವು, ಆಮೇಲೆ ಜೋತುಬಿದ್ದವು. ಬಾಡಿದ ಗಿಡಕ್ಕೆ ಏನು ಬೇಕು ಎಂದು ಯಾರನ್ನು ಕೇಳಿದರೂ ನೀರು ಎಂದೇ ಹೇಳುತ್ತಾರೆ. ಪಿಸು ಅರ್ಧ ಮಗ್ಗನ್ನು ಒಂದು ಮಗ್ಗು ಮಾಡಿದಳು. ಗಿಡ ಇನ್ನಷ್ಟು ಬಾಡಿತು.

ಅತ್ತ ಎರಡು ದಿನಕ್ಕೊಮ್ಮೆ ಸಂಜೆ ಅಮ್ಮನ ಫೋನಿನಿಂದ ಗಿಳಿಗೆ ಕರೆ ಮಾಡುವುದು ಪಿಸುವಿಗೆ ರೂಢಿಯಾಗಿತ್ತು. ಗಿಳಿ ಕೇಳುತ್ತಿದ್ದುದು ಒಂದೇ ಪ್ರಶ್ನೆ, ಅದೂ ಬಾಯಿ ತೆರೆಯದೆ: ಗಿಡ ಹೇಗಿದೆ? ಉಳಿದ ಮಾತೆಲ್ಲ ಪಿಸುವಿನ ಪಾಲಿಗೆ ಬಂತು. ಜೀವಮಾನದಲ್ಲಿ ಮೊದಲ ಸಲ ಅವಳು ಉದ್ದುದ್ದ ಮಾತಾಡಿದಳು, ಆಡಿದ್ದೆಲ್ಲ ಸುಳ್ಳು. ಮೊಗ್ಗು ಬಂದಿದೆ ಎಂದಳು. ಮುಂದಿನ ಸಲ ಹೂ ಅರಳಿದೆ, ಅದರ ಮುಂದಿನ ಸಲ ಬೆರಳಿನ ಉಗುರಿನಷ್ಟು ಎರಡು ಕಾಯಿ ಕಚ್ಚಿದೆ ಎಂದಳು. ಎಲ್ಲವನ್ನೂ ತನ್ನ ಹನ್ನೆರಡನೇ ಡಬ್ಬ ನೋಡಿ ಹೇಳುತ್ತಿದ್ದುದರಿಂದ ಸುಳ್ಳು ಚೆನ್ನಾಗಿಯೇ ಬೆಳೆಯಿತು. ಫೋನಿಟ್ಟ ಮೇಲೆ ಮಾತ್ರ ಊಟ ಸೇರುತ್ತಿರಲಿಲ್ಲ.

ಮೂರನೇ ವಾರದ ಒಂದು ದಿನ ಪಿಸುವಿಗೆ ಒಂದು ವಿಷಯ ಹೊಳೆಯಿತು. ಬೆಳಗ್ಗೆ ತಾನು ನೀರು ಹಾಕುವ ಮೊದಲೇ ಮಣ್ಣು ಕೆಸರಿನಂತೆ ಹಸಿಯಾಗಿರುತ್ತಿತ್ತು. ಯಾರೋ ಬೇಕೆಂದೇ ಹಾಳು ಮಾಡುತ್ತಿದ್ದಾರೆ. ಯಾರೆಂಬ ಅನುಮಾನವೂ ಅವಳಿಗೆ ಬಂತು: ಗಿಳಿಯ ಜೊತೆ ದಿನ ಬೆಳಗಾದರೆ ಹಾವು ಮುಂಗುಸಿಯಂತೆ ಆಡುತ್ತಿದ್ದ ಜಗಳಗಂಟ. ಅವತ್ತು ಮಧ್ಯಾಹ್ನ ಊಟದ ಬಿಡುವಿನಲ್ಲಿ ಪಿಸು ನೀರಿನ ಡ್ರಮ್ಮಿನ ಹಿಂದೆ ಅಡಗಿ ಕೂತಳು.

ಅನುಮಾನ ಸುಳ್ಳಾಗಲಿಲ್ಲ. ಮೊದಲು ಬಂದವನು ಜಗಳಗಂಟನೇ. ಅತ್ತಿತ್ತ ನೋಡಿ ತನ್ನ ಬಾಟಲಿಯ ನೀರನ್ನು ಪೂರ್ತಿ ಹನ್ನೊಂದನೇ ಡಬ್ಬಕ್ಕೆ ಸುರಿದ. ಸುರಿದು ಗಿಡದ ಕಡೆ ಬಾಗಿ, ದೊಡ್ಡವರ ಹತ್ತಿರ ಮಾತಾಡುವಂತೆ ಹೇಳಿದ:

"ಬೇಗ ಬಾ ಅಂತ ಹೇಳು ಅವ್ಳಿಗೆ. ಜಗಳ ಆಡೋಕೆ ಯಾರೂ ಇಲ್ಲ ಇಲ್ಲಿ."

ಪಿಸು ಎದ್ದು ನಿಲ್ಲಬೇಕೆನ್ನುವಷ್ಟರಲ್ಲಿ ಅವನು ಹೋಗಿ ತರಗತಿಯ ಲೀಡರ್ ಹುಡುಗಿ ಬಂದಳು. ಬೇರೆಯವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದೇ ಕಸುಬಾಗಿದ್ದ ಅವಳು ಊಟದ ಡಬ್ಬಿಯ ಮುಚ್ಚಳದಲ್ಲಿ ನೀರು ತಂದು ಹಾಕಿದಳು. ಆಮೇಲೆ ಅವಳಿಜವಳಿಗಳಲ್ಲಿ ಅಣ್ಣ ಬಂದ. ಅವನು ಮರೆಯಾದ ಮೇಲೆ, ಅವನಿಗೆ ಗೊತ್ತಾಗದಂತೆ ತಮ್ಮ ಬಂದ. ಒಬ್ಬರ ಹಿಂದೊಬ್ಬರು ಬರುತ್ತಲೇ ಇದ್ದರು, ಒಬ್ಬೊಬ್ಬರೂ ತಾನೊಬ್ಬನೇ ಎಂದುಕೊಂಡು. ಕೊನೆಗೆ ಬಂದವರು ಟೀಚರ್. ಕಾನೂನು ಮಾಡಿದ ಆ ಟೀಚರ್ ಲೋಟದಲ್ಲಿ ಕುಡಿದು ಮಿಕ್ಕ ನೀರನ್ನು ಡಬ್ಬಕ್ಕೆ ಬಗ್ಗಿಸಿ, ಹಳದಿ ಎಲೆಯನ್ನು ಬೆರಳಿಂದ ಸವರಿ, ಏನೂ ಅರಿಯದವರಂತೆ ಸೀರೆಯ ನೆರಿಗೆ ಸರಿಮಾಡಿಕೊಂಡು ಹೋದರು.

ಪಿಸುವಿಗೆ ಕೋಪ ನೆತ್ತಿಗೇರಿತ್ತು, ಆದರೆ ಕೋಪ ತೀರಿಸಿಕೊಳ್ಳಲು ಒಬ್ಬ ಶತ್ರುವೂ ಸಿಗಲಿಲ್ಲ. ಹೋಗಿ ನೋಡಿದರೆ ಗಿಡದ ಬುಡ ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಒಂದೇ ತೂತಿನ ಡಬ್ಬಕ್ಕೆ ಇಡೀ ತರಗತಿಯ ಪ್ರೀತಿಯನ್ನು ಸುರಿದರೆ ಇನ್ನೇನಾದೀತು. ಹೇಳಿದರೆ ಎಲ್ಲರೂ ಸಿಕ್ಕಿಬೀಳುತ್ತಾರೆ, ಟೀಚರ್ ಸಮೇತ. ಎದ್ದು ನಿಂತು ಹೇಳುವ ಹುಡುಗಿಯೂ ಅವಳಲ್ಲ. ಗಿಳಿ ಇಲ್ಲದೆ ಶಾಲೆಯಲ್ಲಿ ಅವಳು ಆಡಿದ ಮಾತೇ ಬೆರಳೆಣಿಕೆಯಷ್ಟು.

ಶುಕ್ರವಾರ ಸಂಜೆ ಎಲ್ಲರೂ ಮನೆಗೆ ಹೋದರು. ಪಿಸುವಿನ ಅಮ್ಮ ನರ್ಸು, ಡ್ಯೂಟಿ ಮುಗಿಸಿ ಬರುವುದು ತಡ. ಅಲ್ಲಿಯವರೆಗೆ ಗೇಟಿನಜ್ಜನ ಬಳಿ ಕೂರುವುದು ಅವಳಿಗೆ ಅಭ್ಯಾಸ. ಅವತ್ತು ಅವಳು ಅಜ್ಜನ ಬಳಿ ಕೂರಲಿಲ್ಲ. ಕಟ್ಟೆಯ ಬಳಿ ಹೋಗಿ ಹನ್ನೊಂದರಲ್ಲಿದ್ದ ಸತ್ತ ಗಿಡವನ್ನು ಎಳೆದಳು, ಬೇರಿಲ್ಲದಂತೆ ಸುಲಭವಾಗಿ ಬಂತು. ರಾಡಿಯನ್ನೆಲ್ಲ ಚೆಲ್ಲಿ ತಳಕ್ಕೆ ಹೊಸ ಮಣ್ಣು ಹಾಕಿದಳು. ಆಮೇಲೆ ಟೀಚರ್ ಕಲಿಸಿದ್ದಂತೆ ತನ್ನ ಗಿಡದ ಕಾಂಡವನ್ನು ಎರಡು ಬೆರಳ ನಡುವೆ ಹಿಡಿದು, ಡಬ್ಬ ತಲೆಕೆಳಗೆ ಮಾಡಿ ತಳಕ್ಕೆ ತಟ್ಟಿ, ಬೇರಿನ ಸುತ್ತಲ ಮಣ್ಣು ಒಡೆಯದಂತೆ ಹನ್ನೊಂದಕ್ಕೆ ಇಳಿಸಿದಳು. ಅವಳ ಗಿಡದಲ್ಲಿ ಎರಡು ಕಾಯಿ ಇದ್ದವು. ಖಾಲಿಯಾದ ತನ್ನ ಹನ್ನೆರಡಕ್ಕೆ ಮಣ್ಣು ತುಂಬಿ, ಸತ್ತದ್ದನ್ನು ಅದರಲ್ಲಿ ನೆಟ್ಟು ಕೈತೊಳೆದುಕೊಂಡಳು. ಅಳು ಬಂತು. ತನ್ನ ಗಿಡ ಹೋಯಿತೆಂದೋ, ಸುಳ್ಳು ಪೂರ್ತಿಯಾಯಿತೆಂದೋ, ಅವಳಿಗೂ ತಿಳಿಯಲಿಲ್ಲ.

ಸೋಮವಾರ ಗಿಳಿ ಬಂದಳು. ಊತ ಇಳಿದು ಮುಖ ಮೊದಲಿನಂತಾಗಿತ್ತು, ಬಾಯಿಯಂತೂ ಮೂರು ವಾರದ ಬಾಕಿಯನ್ನೆಲ್ಲ ಒಂದೇ ಬೆಳಗ್ಗೆ ತೀರಿಸುವ ಅವಸರದಲ್ಲಿತ್ತು. ತರಗತಿಗೆ ತರಗತಿಯೇ ಅವಳ ಹಿಂದೆ ಕಟ್ಟೆಗೆ ಬಂತು. ಹನ್ನೊಂದನೇ ಡಬ್ಬದ ಗಿಡ ಹಸಿರಾಗಿ ನಿಂತಿತ್ತು. ಅದನ್ನು ಕಂಡು ಇಪ್ಪತ್ತಮೂರು ಮಕ್ಕಳ ಮುಖ ಅರಳಿತು. ಎಲ್ಲ ತನ್ನದೇ ನೀರಿನ ಮಹಿಮೆ ಎಂದು ಒಬ್ಬೊಬ್ಬರೂ ಒಳಗೊಳಗೇ ಬೀಗಿದರು. ಜಗಳಗಂಟ ಮಾತ್ರ ಯಾಕೋ ಗಿಡವನ್ನೇ ನೋಡುತ್ತ ಹುಬ್ಬು ಗಂಟಿಕ್ಕಿದ್ದ. ಗಿಳಿ ಎರಡು ಕಾಯಿಗಳನ್ನೂ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಅವಳ ಕಣ್ಣು ಪಕ್ಕದ ಡಬ್ಬದ ಮೇಲೆ ಬಿತ್ತು.

"ನಂದನ್ನ ನೋಡ್ಕೊಳ್ಳೋಕೆ ಹೋಗಿ ನಿಂದನ್ನ ಕಳ್ಕೊಂಡ್ಯಾ?" ಎಂದು ಪಿಸುವಿನ ಕೈ ಹಿಡಿದುಕೊಂಡಳು.

ಟೀಚರ್ ಕಣ್ಣೊರೆಸಿಕೊಂಡು, ಸ್ನೇಹ ಎಂದರೆ ಹೀಗಿರಬೇಕು, ಎಲ್ಲರೂ ಪಿಸುವಿಗೆ ಚಪ್ಪಾಳೆ ತಟ್ಟಿ ಎಂದರು. ಚಪ್ಪಾಳೆ ಬಿತ್ತು. ಪಿಸುವಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೈಸಿಕೊಂಡಿದ್ದರೆ ಸಹಿಸುತ್ತಿದ್ದಳೇನೋ, ಈ ಚಪ್ಪಾಳೆಯನ್ನು ಸಹಿಸಲಾಗಲಿಲ್ಲ.

"ಅದು ನನ್ನ ಗಿಡ. ಸತ್ತಿರೋದು ನಿಂದು," ಎಂದಳು. ಕೊನೆಯಲ್ಲಿ ನಿಂತವರಿಗೂ ಕೇಳಿಸಿತು. "ನೀರು ಜಾಸ್ತಿಯಾಗಿ ಕೊಳೆತುಹೋಯ್ತು. ಫೋನಲ್ಲಿ ಹೇಳಿದ್ದೆಲ್ಲ ಸುಳ್ಳು."

ಗಿಳಿ ಕೈ ಬಿಟ್ಟಳು. "ಯಾರು ಹಾಕಿದ್ದು ಅಷ್ಟೊಂದು ನೀರು?"

"ನಾನು," ಎಂದಳು ಪಿಸು. ಬೇರೆ ಯಾರ ಹೆಸರನ್ನೂ ಹೇಳಲಿಲ್ಲ.

ಆಗ ಜಗಳಗಂಟ, ಯಾರಿಗೋ ಬೈಯುವ ಧಾಟಿಯಲ್ಲಿ, ತಾನೂ ಹಾಕಿದ್ದಾಗಿ ಹೇಳಿದ. ಲೀಡರ್ ಹುಡುಗಿ ತಲೆತಗ್ಗಿಸಿ ತಾನೂ ಎಂದಳು. ಅವಳಿಜವಳಿಗಳು ಒಟ್ಟಿಗೆ ಬಾಯಿಬಿಟ್ಟು, ನೀನೂನಾ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೀಗೆ ಸಾಲು ಮುಗಿಯುವ ತನಕ ಒಬ್ಬರೂ ಬಾಕಿಯಾಗಲಿಲ್ಲ. ಕೊನೆಗೆ ಟೀಚರ್ ಕೆಮ್ಮಿ ಗಂಟಲು ಸರಿಮಾಡಿಕೊಂಡು, ಮೂರು ನಾಲ್ಕು ಸಲ, ಬರೀ ಲೋಟದಲ್ಲಿ ಎಂದರು.

ಗಿಳಿ ಸತ್ತ ಗಿಡವನ್ನೇ ನೋಡುತ್ತ ನಿಂತಳು. ಅವಳು ಅಷ್ಟು ಹೊತ್ತು ಸುಮ್ಮನಿದ್ದುದನ್ನು ಯಾರೂ ಕಂಡಿರಲಿಲ್ಲ. ಆಮೇಲೆ ಅಳತೊಡಗಿದಳು. ಟೀಚರ್ ಗಾಬರಿಯಾಗಿ, ಹೊಸ ಸಸಿ ತರಿಸಿಕೊಡುತ್ತೇನೆ, ಇದನ್ನು ಎಸೆದುಬಿಡೋಣ ಎಂದು ಕೈಚಾಚಿದರೆ ಗಿಳಿ ಡಬ್ಬವನ್ನು ಎರಡೂ ಕೈಯಿಂದ ತಬ್ಬಿ ಹಿಡಿದುಕೊಂಡಳು.

"ನಾನಿಲ್ದಿದ್ರೆ ಯಾರಿಗೂ ಗೊತ್ತೂ ಆಗಲ್ಲ ಅಂದ್ಕೊಂಡಿದ್ದೆ," ಎಂದಳು. "ಇದು ನನಗೇ ಬೇಕು."

ಹನ್ನೊಂದನ್ನು ಪಿಸುವಿನ ಕಡೆ ತಳ್ಳಿ, ಒಣಕಡ್ಡಿಯ ಡಬ್ಬವನ್ನು ಎತ್ತಿಕೊಂಡು ಹೋಗಿ ತರಗತಿಯಲ್ಲಿ ತನ್ನ ಬೆಂಚಿನ ಮೇಲಿಟ್ಟುಕೊಂಡಳು. ಎಲ್ಲರೂ ಒಳಗೆ ಬಂದು ಕೂತರು. ಪಿಸು ಬಾಗಿಲಲ್ಲೇ ನಿಂತಳು.

"ನನ್ನ ಮೇಲೆ ಕೋಪಾನಾ?" ಎಂದು ಕೇಳಿದಳು.

"ಹೂಂ," ಎಂದಳು ಗಿಳಿ ಮೂಗೊರೆಸಿಕೊಂಡು. "ಸುಳ್ಳು ಹೇಳಿದ್ದಕ್ಕೆ. ಊಟದ ಗಂಟೆ ತನಕ ಇರುತ್ತೆ. ಆಮೇಲೆ ಬಂದು ಪಕ್ಕದಲ್ಲಿ ಕೂತ್ಕೋ."

ಪಿಸು ಹಿಂದಿನ ಬೆಂಚಿಗೆ ಹೋಗಿ ಕೂತು, ಊಟದ ಗಂಟೆಗೆ ಕಾಯತೊಡಗಿದಳು.