ಬರೆಯದೆ ಬಿಟ್ಟ ನಾಲ್ಕು ಸಾಲು

ಈ ಮುದುಕ ಕಥೆಯಲ್ಲಿ ಕಲಬೆರಕೆ ಮಾಡುತ್ತಾನೆ ಎನ್ನುವವರು ಇಲ್ಲೇ ಫೋನ್ ಕೆಳಗಿಡಿ. ನಿನ್ನೆ ಏನು ತಿಂದೆ ಎಂಬುದು ಮರೆತಿರಬಹುದು, ಇದು ಮರೆತಿಲ್ಲ. ಸ್ಫಾಕ್ಸ್ ಪಟ್ಟಣದ ಆಲಿವ್ ಎಣ್ಣೆ ಪರೀಕ್ಷಾಲಯದಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದವನು ನಾನು. ಎಲ್ಲ ನನ್ನ ಕಣ್ಣೆದುರೇ ನಡೆದದ್ದು.

ಅಲ್ಲಿ ಏಳು ಯಂತ್ರ, ಏಳು ದೇಶದವು. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಎಲ್ಲವನ್ನೂ ಒಂದೇ ಕಂಪ್ಯೂಟರಿನಿಂದ ನಡೆಸುವ ಸಾಫ್ಟ್‌ವೇರ್ ಬರೆಯಲು ಒಲ್ಫಾ ಎಂಬ ಹುಡುಗಿ ಬಂದಳು. ಮುಖ್ಯ ಪ್ರೋಗ್ರಾಂ ಕೇಳುವುದು ಎರಡೇ ಪ್ರಶ್ನೆ: ಸಿದ್ಧವೇ? ಎಷ್ಟು? ಒಂದೊಂದು ಯಂತ್ರಕ್ಕೂ ದುಭಾಷಿಯಂಥ ಒಂದು ಪುಟ್ಟ ಪ್ರೋಗ್ರಾಂ. ಯಂತ್ರ ಬದಲಾದರೆ ದುಭಾಷಿಯನ್ನಷ್ಟೇ ಬದಲಿಸಿದರಾಯಿತು.

ಆರು ಯಂತ್ರ ಸರಿಯಾಗಿ ನಡೆದವು. ಏಳನೆಯದು ಎಣ್ಣೆಯೊಳಗೆ ಬೆಳಕು ಹಾಯಿಸಿ ಅಳೆಯುವ ಹಳೇದು. ಅದನ್ನು ನಡೆಸುತ್ತಿದ್ದವನು ಹಮ್ಮಾದಿ. ಒಂದೇ ಎಣ್ಣೆಗೆ ಅವನ ಕೈಯಲ್ಲಿ ಒಂದು ಅಂಕಿ, ಪ್ರೋಗ್ರಾಂಗೆ ಇನ್ನೊಂದು. ನಿರ್ದೇಶಕರು ಕಂಪ್ಯೂಟರನ್ನು ನಂಬಿದರು. ಹಾಗಾದರೆ ಇಪ್ಪತ್ತಾರು ವರ್ಷ ಈತ ಅಳೆದದ್ದೆಲ್ಲ ತಪ್ಪೇ ಎಂದು ಎಲ್ಲರ ಮುಂದೆ ಕೇಳಿಬಿಟ್ಟರು. ಶುಕ್ರವಾರದೊಳಗೆ ಕಾರಣ ಸಿಗದಿದ್ದರೆ ಬಾಟಲಿ ತೊಳೆಯಲು ಕಳಿಸುತ್ತೇನೆ ಎಂದರು.

ಒಲ್ಫಾ ಕೆಲಸದ ಹೆಜ್ಜೆಗಳನ್ನು ಅವನಿಂದ ಮೂರು ಸಲ ಹೇಳಿಸಿ ಬರೆದುಕೊಂಡಳು. ಒಂದೂ ತಪ್ಪಿರಲಿಲ್ಲ. ಅವಳಿಗೆ ತಲೆಬುಡ ತಿಳಿಯಲಿಲ್ಲ, ನನ್ನನ್ನಂತೂ ಕೇಳಲೇಬೇಡಿ. ಕೊನೆಗೆ ಸುಮ್ಮನೆ ಪಕ್ಕದಲ್ಲಿ ಕುಳಿತು ನೋಡಿದಳು. ಹಮ್ಮಾದಿ ಯಂತ್ರ ಚಾಲೂ ಮಾಡಿದ, ಚಹಾ ಕುಡಿದ, ಮಗಳ ಮದುವೆಯ ಮಾತಾಡಿದ, ಆಮೇಲೆ ಎಣ್ಣೆ ಇಟ್ಟ.

"ಚಿಕ್ಕಪ್ಪಾ, ಚಹಾದ ವಿಷ್ಯ ಹೇಳ್ಲೇ ಇಲ್ವಲ್ಲ ನೀವು?"

"ಚಹಾ ಕುಡಿಯೋದನ್ನೂ ಕೆಲಸ ಅಂತ ಯಾರಾದ್ರೂ ಬರೆಸ್ತಾರೇನಮ್ಮ?"

ಯಂತ್ರದ ದೀಪ ಬಿಸಿಯಾಗಲು ಬೇಕಾದ ಹೊತ್ತು ಅದು. ತಣ್ಣಗಿದ್ದಾಗಲೂ ಆ ಯಂತ್ರ ಸಿದ್ಧ ಎಂದೇ ಉತ್ತರ ಕೊಡುತ್ತಿತ್ತು, ಪ್ರೋಗ್ರಾಂ ಅದನ್ನು ನಂಬಿ ಆಗಲೇ ಅಳೆದುಬಿಡುತ್ತಿತ್ತು. ಸಿಕ್ಕು ಬಿಚ್ಚಿತು ಎಂದು ನಾನು ಹಿಗ್ಗಿದೆ. ಹಮ್ಮಾದಿ ನಗಲಿಲ್ಲ.

"ಅಂಕಿ ನಿಲ್ಲೋವರೆಗೂ ಕಾಯಿ ಅಂತ ಅದಕ್ಕೆ ಕಲಿಸೋಕೆ ಎಷ್ಟು ಬರೀಬೇಕು?"

"ನಾಲ್ಕು ಸಾಲು."

"ಆಮೇಲೆ ನಾನು?"

ಒಲ್ಫಾ ಆ ನಾಲ್ಕು ಸಾಲು ಬರೆಯಲಿಲ್ಲ. ಸಿದ್ಧವೇ ಎಂದರೆ ಹಮ್ಮಾದಿ ಗುಂಡಿ ಒತ್ತುವವರೆಗೆ ಇಲ್ಲ ಎನ್ನು ಎಂದು ಏಳನೇ ದುಭಾಷಿಗೆ ಕಲಿಸಿದಳು. ಉತ್ತರ ಯಂತ್ರ ಕೊಟ್ಟರೇನು, ಮನುಷ್ಯ ಕೊಟ್ಟರೇನು, ಪ್ರೋಗ್ರಾಂಗೆ ಎರಡೂ ಒಂದೇ ಎಂದು ನಿರ್ದೇಶಕರಿಗೆ ಹೇಳಿದಳು. ಮೋಸ ಮಾಡಿದಳೋ, ಜಾಣ ಕೆಲಸ ಮಾಡಿದಳೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಶುಕ್ರವಾರ ನಿರ್ದೇಶಕರು ಬಂದು ನಿಂತರು. ಪರದೆಯ ಮೇಲೆ 'ಕಾಯುತ್ತಿದೆ' ಎಂದಿತ್ತು. ಹಮ್ಮಾದಿ ಬೆರಳನ್ನು ಗುಂಡಿಯ ಮೇಲಿಟ್ಟು ಕಿಟಕಿಯಾಚೆ ನೋಡುತ್ತಿದ್ದ. ನಿರ್ದೇಶಕರೂ ಕಾದರು. ಬಾಟಲಿ ತೊಳೆಯುವ ಮಾತು ಮತ್ತೆ ಬರಲಿಲ್ಲ.

ಒಲ್ಫಾ ಈಗ ಎಲ್ಲಿದ್ದಾಳೋ. ಬಲ್ಲವರು ಯಾರಾದರೂ ಇದ್ದರೆ ಇದನ್ನು ಅವಳಿಗೆ ಮುಟ್ಟಿಸಿ.