ಸಕ್ಕರೆ ಮುಟ್ಟದ ಬಾಯಿ

"ಬಾಯಿ ತೆಗಿಯೋ, ಬೋಳಿಮಗನೆ! ಸಕ್ಕರೆ ಕೊಡಿ ಅಂತ ಒಂದು ಮಾತು ಕೇಳು, ಸಾಕು."

ಡಾಕ್ಟರ್ ಕ್ವಿರೋಗ ಪಾನಕದ ಲೋಟವನ್ನು ನಿಕಾನೋರನ ಮೂಗಿನ ಕೆಳಗೆ ಆಡಿಸಿದ. ಖಾಲಿ ಹೊಟ್ಟೆಯಲ್ಲಿದ್ದಾಗ ಚುಚ್ಚಿದ್ದ ಇನ್ಸುಲಿನ್ ರಕ್ತದ ಸಕ್ಕರೆ ಇಳಿಸಿ ಅವನ ಮೈಯನ್ನು ಹಿಂಡುತ್ತಿತ್ತು. ಮಂಚಕ್ಕೆ ಕಟ್ಟಿದ ಕೈಗಳು ತಾವಾಗಿಯೇ ನಡುಗುತ್ತಿದ್ದವು. ಇನ್ನು ಸ್ವಲ್ಪ ಹೊತ್ತಿಗೆ ಪ್ರಜ್ಞೆ ತಪ್ಪುತ್ತದೆ. ಆಮೇಲೆ ಮೂಗಿಗೆ ಕೊಳವೆ ಇಳಿಸಿ, ಸಕ್ಕರೆ ನೀರು ಹುಯ್ದು ಎಬ್ಬಿಸುತ್ತಾರೆ. ಹುಚ್ಚು ಬಿಡಿಸುವ ಹೊಸ ವಿದ್ಯೆ. ಅದನ್ನು ನೋಡಲೆಂದೇ ರಾಜಧಾನಿ ಹವಾನಾದಿಂದ ಬಂದ ಇಬ್ಬರು ದೊಡ್ಡ ಡಾಕ್ಟರುಗಳು ಕಾಫಿ ಹೀರುತ್ತ ನಿಂತಿದ್ದರು.

"ಇವನ ಕಾಯಿಲೆ ಏನು?"

"ಹುಟ್ಟಿದಾಗಿಂದ ಕಬ್ಬು ಕಡಿದವನು. ಈಗ ಸಕ್ಕರೆ ಮುಟ್ಟಲ್ಲ ಅಂತಾನೆ. ಇಡೀ ಕೇರಿಗೇ ಈ ಹುಚ್ಚು ಹಿಡಿಸಿದಾನೆ. ಕಾಫೀನ ಕಹಿಯಾಗೇ ಕುಡೀತಾವೆ, ಕತ್ತೆಗಳು!"

ಮೂವರೂ ನಕ್ಕರು. ಸಕ್ಕರೆ ಕಾರ್ಖಾನೆಯ ತಕ್ಕಡಿ ತೂಕದಲ್ಲಿ ಮೋಸ ಮಾಡಿ ಗಾಡಿಗಟ್ಟಲೆ ಕಬ್ಬು ನುಂಗುತ್ತಿದ್ದುದನ್ನು ಕ್ವಿರೋಗ ಹೇಳಲಿಲ್ಲ. ಅದು ನೆಟ್ಟಗಾಗುವವರೆಗೆ ಆ ಸಕ್ಕರೆಯನ್ನು ನಾಲಿಗೆಗೆ ಸೋಕಿಸುವುದಿಲ್ಲವೆಂದು ಕೇರಿ ಆಣೆಯಿಟ್ಟಿದ್ದನ್ನು ಹೇಳಲಿಲ್ಲ. ಕಾರ್ಖಾನೆಯ ಧಣಿ ತನ್ನ ಭಾವ ಎಂಬುದನ್ನಂತೂ ಹೇಳಲೇ ಇಲ್ಲ. ನಿಕಾನೋರ್ ಬಾಯಿಬಿಟ್ಟು ಸಕ್ಕರೆ ಬೇಡಿದನೆಂಬ ಸುದ್ದಿ ಕೇರಿ ಮುಟ್ಟಿದರೆ ಸಾಕು, ಆಣೆ ಮುರಿಯುತ್ತಿತ್ತು.

ಪಕ್ಕದಲ್ಲಿ ವಾರ್ಡಿನ ಆಯಾ, ಮುದುಕಿ ಡೊಮಿಟಿಲ, ಅವನ ಬೆವರು ಒರೆಸುತ್ತಿದ್ದಳು. ನಿನ್ನೆ ಎಚ್ಚರವಾದಾಗ ಗಂಟಲು ಸಿಹಿಯಾಗಿದ್ದುದಕ್ಕೆ ಅವನು ಮಗುವಿನಂತೆ ಅತ್ತಿದ್ದ.

"ಅವ್ವಾ, ಆಣೆ ಕೆಟ್ಟೋಯ್ತಲ್ಲ!"

"ಥೂ, ಮೂಗಲ್ಲಿ ಹುಯ್ದಿದ್ದು ನೀ ತಿಂದಂಗಾಯ್ತದಾ? ಕಳ್ರು ಗೋಡೆ ಕೊರ್ದು ನುಗ್ಗುದ್ರೆ ಮನೆಯೋಂದಾ ತಪ್ಪು? ಮಲೀಕೊ ಮಗ," ಎಂದು, ಅಡುಗೆ ಒಲೆಯ ಮುಂದೆ ಹಿಡಿದು ಬೆಚ್ಚಗೆ ಮಾಡಿದ್ದ ದುಪ್ಪಟಿ ಹೊದಿಸಿದ್ದಳು.

ಕ್ವಿರೋಗನ ದನಿ ಈಗ ಬೆಣ್ಣೆಯಾಯಿತು. "ಕೇಳಿಬಿಡಪ್ಪ. ಹುಚ್ಚು ವಾಸಿಯಾಯ್ತು ಅಂತ ಇವತ್ತೇ ಮನೆಗೆ ಕಳಿಸ್ತೀನಿ. ಹೆಂಡ್ತಿ ಗೇಟಿನ ಹತ್ರ ಕೂತಿದಾಳೆ."

ನಿಕಾನೋರನ ತುಟಿ ಅದುರಿತು. "ಸ್ವಾಮೀ…"

"ಹಾಂ, ಹೇಳು, ಹೇಳು!" ಕ್ವಿರೋಗ ಅತಿಥಿಗಳತ್ತ ತಿರುಗಿ ಹಲ್ಲು ಬಿಟ್ಟ.

"ಮೊದ್ಲು ಆ ಲೋಟ ತೂಕಕ್ಕಾಕಿ. ನಿಮ್ಮ ಭಾವನ್ ತಕ್ಕಡೀಲಿ ಮಾತ್ರ ಬ್ಯಾಡ."

ಒಬ್ಬ ಅತಿಥಿಯ ಕಾಫಿ ಬಟ್ಟಲು ತುಟಿಯ ಹತ್ತಿರವೇ ನಿಂತಿತು. "ಯಾವ ಭಾವ?"

ಕ್ವಿರೋಗ ನಿಕಾನೋರನ ಕೆನ್ನೆಗೆ ಬಾರಿಸಿದ. ಆದರೆ ಅಷ್ಟರಲ್ಲಿ ನಿಕಾನೋರನ ಕಣ್ಣು ಮೇಲೆ ಸಿಕ್ಕಿಕೊಂಡು ಪ್ರಜ್ಞೆ ತಪ್ಪಿತ್ತು. ಡಾಕ್ಟರ್ ಅವಸರದಲ್ಲಿ ಮೂಗಿಗೆ ತುರುಕಿದ ಕೊಳವೆ ನೆಟ್ಟಗೆ ಇಳಿಯಲಿಲ್ಲ; ಮತ್ತೆ ತುರುಕಿ ಪಾನಕ ಹುಯ್ದ. ಒಳಗೆ ಹೋದದ್ದು ಹೋಯಿತು, ಉಳಿದದ್ದು ಮೂಗಿನಿಂದ ಉಕ್ಕಿ ತುಟಿಯತ್ತ ಇಳಿಯಿತು.

ಡೊಮಿಟಿಲ ಕೈಯಲ್ಲಿದ್ದ ಬಟ್ಟೆಯ ಅಂಚಿನಿಂದ ಅದನ್ನು ಒರೆಸಿದಳು.

"ಏ ಮುದುಕಿ, ಬಿಡೇ! ಬಾಯಿಗೇ ಹೋಗ್ಲಿ!"

ಅವಳು ಕಿವಿ ಕೇಳಿಸದವಳಂತೆ ಇದ್ದಳು. ಇನ್ನೊಂದು ಹನಿ ಜಾರಿತು. ತುಟಿ ಮುಟ್ಟುವ ಮೊದಲೇ ಒರೆಸಿದಳು. ಮತ್ತೊಂದು ಜಾರಿತು. ಅದನ್ನೂ ಒರೆಸಿದಳು.