ತಾಯಿಯ ಹೆಸರು ಬರೆಯುವ ಜಾಗ

ನಾನು ಒಂದು ನಾಯಿ. ಯಾವ ಜಾತಿಯ ನಾಯಿ ಎಂದು ಮಾತ್ರ ಕೇಳಬೇಡಿ. ಹಾಗೆ ಕೇಳುವವರನ್ನು ಕಂಡರೆ ನನಗೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ. ತುಮಕೂರಿನ ಶಿರಾ ಗೇಟ್ ಹತ್ತಿರ ಒಂದು ಹಿಟ್ಟಿನ ಗಿರಣಿ ಇದೆ. ಅದರ ಹಿಂದಿನ ಖಾಲಿ ಚೀಲಗಳ ರಾಶಿಯಲ್ಲಿ ನಾನು ಹುಟ್ಟಿದೆ. ನನ್ನ ಅಮ್ಮ ಯಾರೆಂದು ನನಗೆ ಗೊತ್ತು. ಅಪ್ಪ ಯಾರೆಂದು ಅಮ್ಮನಿಗೂ ಖಾತ್ರಿ ಇರಲಿಲ್ಲ. ನನ್ನ ಮೈಬಣ್ಣ ಕಂದು. ಆದರೆ ಗಿರಣಿಯಲ್ಲಿ ಹಾರುವ ಹಿಟ್ಟೆಲ್ಲ ನನ್ನ ಮೇಲೆ ಬಂದು ಕೂತು ಬೂದಿಯಲ್ಲಿ ಹೊರಳಿದ ಹಾಗೆ ಕಾಣುತ್ತಿದ್ದೆ. ಅದಕ್ಕೇ ಗಿರಣಿಯ ಒಡತಿ ಸರ್ವಮಂಗಳಮ್ಮ ನನಗೆ ಬೂದಿ ಎಂದು ಹೆಸರಿಟ್ಟರು.

ಗಿರಣಿಯ ಯಜಮಾನರು ಮಹಾಲಿಂಗಯ್ಯನವರು. ಅವರು ತಕ್ಕಡಿಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು, ನಾನು ಕುರ್ಚಿಯ ಕೆಳಗೆ. ಅಲ್ಲಿಂದ ನನಗೆ ಅವರ ಹಿಮ್ಮಡಿ ಮತ್ತು ಲುಂಗಿಯ ಅಂಚು ಕಾಣುತ್ತಿತ್ತು. ಆಗಾಗ ಒಂದು ಕೈ ಕೆಳಗಿಳಿದು ನನ್ನ ಕಿವಿಯ ಹಿಂದೆ ಕೆರೆಯುತ್ತಿತ್ತು. ಮೂರು ವರ್ಷ ಹೀಗೇ ಕಳೆಯಿತು. ಆ ಕೈ ನನ್ನೊಬ್ಬಳದೇ ಎಂದು ನಂಬಿಕೊಂಡಿದ್ದೆ.

ಒಂದು ಭಾನುವಾರ ಮಹಾಲಿಂಗಯ್ಯನವರು ಮೈದಾನದಲ್ಲಿ ಶ್ವಾನ ಪ್ರದರ್ಶನ ನೋಡಲು ಹೋದರು. ಬರುವಾಗ ಅವರ ಕಾಲು ನೆಲದ ಮೇಲೆ ಇರಲಿಲ್ಲ. ಊಟಕ್ಕೆ ಕೂತರೂ ಅದೇ ಮಾತು, ಎದ್ದರೂ ಅದೇ ಮಾತು. ಮರುದಿನ ಜಾತಿನಾಯಿ ಸಾಕುವವರ ಕೆನಲ್ ಕ್ಲಬ್ಬಿನ ಸದಸ್ಯತ್ವದ ಫಾರಂ ತಂದು ತಕ್ಕಡಿಯ ಪಕ್ಕದಲ್ಲಿ ಇಟ್ಟುಕೊಂಡು ತುಂಬತೊಡಗಿದರು. ಹೆಸರು ಬರೆದರು, ವಿಳಾಸ ಬರೆದರು. ‘ನಿಮ್ಮಲ್ಲಿರುವ ನಾಯಿಯ ತಳಿ’ ಎಂಬ ಸಾಲು ಬಂದಾಗ ಪೆನ್ನು ಹಿಡಿದು ನನ್ನನ್ನು ನೋಡಿದರು. ನಾನು ಬಾಲ ಅಲ್ಲಾಡಿಸಿದೆ. ಅವರು ಆ ಸಾಲನ್ನು ಖಾಲಿ ಬಿಟ್ಟರು.

ಆ ಖಾಲಿ ಸಾಲನ್ನು ತುಂಬುವುದಕ್ಕೆಂದೇ ರಾಣಿ ಬಂದಳು. ಎಂಟು ತಿಂಗಳ ಡಾಬರ್ಮನ್. ಎಣ್ಣೆ ಹಚ್ಚಿದಂತೆ ಹೊಳೆಯುವ ಕಪ್ಪು ಮೈ, ಕಣ್ಣಿನ ಮೇಲೆ ಎರಡು ಕಂದು ಚುಕ್ಕೆ, ನೆಟ್ಟಗಿನ ಕಾಲು. ಅವಳ ಜೊತೆಗೆ ಒಂದು ಕಾಗದವೂ ಬಂತು. ಅದರಲ್ಲಿ ಅವಳ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರ ಹೆಸರೂ ಇತ್ತು. ಮಹಾಲಿಂಗಯ್ಯನವರಿಗೆ ತಮ್ಮ ಮುತ್ತಜ್ಜನ ಹೆಸರೇ ಗೊತ್ತಿರಲಿಲ್ಲ, ಅವಳ ಮುತ್ತಜ್ಜನ ಹೆಸರು ಮಾತ್ರ ಬಾಯಿಪಾಠವಾಯಿತು.

ಅಂದಿನಿಂದ ಅವಳಿಗೆ ಬೇಯಿಸಿದ ಕೋಳಿ, ನನಗೆ ಮಿಕ್ಕ ಮುದ್ದೆ. ಅವಳಿಗೆ ವರಾಂಡದಲ್ಲಿ ಹಾಸಿಗೆ, ನನಗೆ ಉಗ್ರಾಣದಲ್ಲಿ ಗೋಣಿಚೀಲ. ಮುದ್ದೆಯನ್ನೂ ಗೋಣಿಯನ್ನೂ ನಾನು ಸಹಿಸಿಕೊಳ್ಳುತ್ತಿದ್ದೆ. ಆದರೆ ಆ ಕೈ ಈಗ ಕುರ್ಚಿಯಿಂದ ಇನ್ನೊಂದು ಪಕ್ಕಕ್ಕೆ ಇಳಿಯುತ್ತಿತ್ತು, ಅದನ್ನು ಹೇಗೆ ಸಹಿಸಲಿ? ಪ್ರತಿದಿನ ಬೆಳಿಗ್ಗೆ ಗಿರಣಿಯ ಮುಂದೆ ರಾಣಿಗೆ ನಿಲ್ಲುವ ಪಾಠ ನಡೆಯುತ್ತಿತ್ತು. ಮುಂಗಾಲು ನೇರ, ಹಿಂಗಾಲು ಹಿಂದಕ್ಕೆ, ಗದ್ದ ಮೇಲಕ್ಕೆ. ಒಂದು ದಿನ ನಾನೂ ಅವಳ ಪಕ್ಕದಲ್ಲಿ ಹಾಗೆಯೇ ನಿಂತೆ. ಗದ್ದ ಎತ್ತಿದೆ, ಉಸಿರು ಬಿಗಿಹಿಡಿದೆ. ರಾಗಿ ಡಬ್ಬ ಹೊತ್ತು ತಂದಿದ್ದ ಹೆಂಗಸೊಬ್ಬಳು ನೋಡಿ ಬಿದ್ದು ಬಿದ್ದು ನಕ್ಕಳು. ಮಹಾಲಿಂಗಯ್ಯನವರು ಕಾಲಿನಿಂದ ನನ್ನನ್ನು ಪಕ್ಕಕ್ಕೆ ಸರಿಸಿದರು. ಒದೆಯಲಿಲ್ಲ. ಅಡ್ಡ ಬಂದ ಚೀಲವನ್ನು ಸರಿಸುವ ಹಾಗೆ ಸರಿಸಿದರು.

ರಾಣಿ ಪದಕ ಗೆದ್ದಳು, ಆಮೇಲೆ ಕಪ್ ಗೆದ್ದಳು. ತಿಪಟೂರಿನ ಒಂದು ಗಂಡು ಡಾಬರ್ಮನ್ ಜೊತೆ ಅವಳ ಸಂಬಂಧವೂ ಕೂಡಿಬಂತು. ಅದೇ ಹೊತ್ತಿನಲ್ಲಿ ನಾನೂ ಬಸುರಿಯಾಗಿದ್ದೆ. ನನಗೆ ಯಾರೂ ಸಂಬಂಧ ಹುಡುಕಿರಲಿಲ್ಲ ಬಿಡಿ. ಚೀಲಗಳ ಮರೆಯಲ್ಲಿ ಮೂರು ಮರಿ ಹಾಕಿದೆ. ಒಂದು ಮೂರನೆಯ ದಿನವೇ ಸತ್ತಿತು. ಉಳಿದೆರಡನ್ನು ತಿಂಗಳು ತುಂಬುವ ಮೊದಲೇ ಗೋಧಿ ಇಳಿಸಲು ಬಂದ ಲಾರಿಯವರು ಕೇಳಿದರು, ಮಹಾಲಿಂಗಯ್ಯನವರು ಕೊಟ್ಟುಬಿಟ್ಟರು. ಯಾವ ಲಾರಿ, ಯಾವ ಊರು ಎಂದು ಯಾರೂ ಬರೆದಿಟ್ಟುಕೊಳ್ಳಲಿಲ್ಲ. ನನ್ನ ಮೊಲೆಗಳು ಕಟ್ಟಿಕೊಂಡು ನೋಯುತ್ತಿದ್ದವು.

ಅದೇ ವಾರ ರಾಣಿಯನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಬರುವಾಗ ಅವಳು ಜ್ವರದಲ್ಲಿ ಬಿದ್ದಿದ್ದಳು. ಪಕ್ಕದ ಬುಟ್ಟಿಯಲ್ಲಿ ಒಂಬತ್ತು ಮರಿಗಳು ಹಸಿವಿಗೆ ಕಿರುಚುತ್ತಿದ್ದವು. ಅವಳಿಗೆ ಒಂದು ಹನಿ ಹಾಲಿರಲಿಲ್ಲ. ಮರಿ ಹತ್ತಿರ ಬಂದರೆ ಗುರ್ ಎನ್ನುತ್ತಿದ್ದಳು. ಕಚ್ಚಿಯಾಳೆಂದು ಅವಳನ್ನು ವರಾಂಡದಲ್ಲಿ ಕಟ್ಟಿಹಾಕಿದರು.

“ರೀ, ನಮ್ ಬೂದಿಗೆ ಹಾಲಿದೆ ಕಣ್ರೀ. ಅದ್ರ ಹತ್ರ ಬಿಡಿ,” ಎಂದರು ಸರ್ವಮಂಗಳಮ್ಮ.

“ಏನೇ ಮಾತಾಡ್ತೀಯಾ? ಚಾಂಪಿಯನ್ ಮರಿಗಳಿಗೆ ಕಂತ್ರಿ ನಾಯಿ ಹಾಲಾ? ನಾಳೆ ತಳಿ ಕೆಟ್ಟೋದ್ರೆ?”

“ಹುಟ್ದಾಗಿಂದ ಎಮ್ಮೆ ಹಾಲು ಕುಡ್ಕೊಂಡೇ ಬೆಳ್ದಿದೀರಲ್ಲ, ನೀವೇನ್ ಎಮ್ಮೆ ಆದ್ರಾ?”

ಮಹಾಲಿಂಗಯ್ಯನವರು ಬುಟ್ಟಿಯನ್ನು ಹೆಂಡತಿಯ ಕಡೆಗೆ ಸರಿಸಿದರು. ಸರ್ವಮಂಗಳಮ್ಮ ಒಂದು ಹಿಡಿ ರಾಗಿಹಿಟ್ಟು ತಂದು ಒಂಬತ್ತು ಮರಿಗಳ ಮೈಗೂ ಸವರಿ, ನನ್ನ ಮೈಗೂ ಸವರಿ, ಉಗ್ರಾಣದಲ್ಲಿ ನನ್ನ ಗೋಣಿಯ ಮೇಲೆ ಒಂದೊಂದಾಗಿ ನನ್ನ ಹೊಟ್ಟೆಗೆ ಹಚ್ಚಿದರು. ಎಲ್ಲವೂ ಒಂದೇ ವಾಸನೆ. ನಾನೇನು ಅಷ್ಟು ದಡ್ಡಿಯಲ್ಲ, ಹಿಟ್ಟಿನ ಅಡಿಯಲ್ಲಿ ರಾಣಿಯ ವಾಸನೆ ನನಗೆ ಗೊತ್ತಾಯಿತು. ಇವಳ ಮರಿಗಳಿಗೆ ನನ್ನ ಹಾಲೇ ಎಂದು ಹಲ್ಲು ಕಡಿದೆ. ಅಷ್ಟರಲ್ಲಿ ಒಂದು ಬಾಯಿ ಬಂದು ಕಚ್ಚಿಕೊಂಡಿತು. ಆಮೇಲೆ ಅವು ಯಾರ ಮರಿ ಎಂದು ನಾನು ಯೋಚಿಸಲಿಲ್ಲ.

ಮೊಲೆ ಎಂಟು, ಮರಿ ಒಂಬತ್ತು. ಎಲ್ಲಕ್ಕಿಂತ ಚಿಕ್ಕವನು ಯಾವಾಗಲೂ ಹೊರಗುಳಿಯುತ್ತಿದ್ದ. ಉಳಿದವರು ಕುಡಿದು ಮಲಗಿದ ಮೇಲೆ ಅವನಿಗೆಂದೇ ನಾನು ಇನ್ನೊಂದು ಸುತ್ತು ಮಲಗುತ್ತಿದ್ದೆ. ಹಾಲು ಕುಡಿಯುತ್ತಲೇ ನಿದ್ದೆ ಹೋಗುತ್ತಿದ್ದ. ಮೂರನೆಯ ದಿನ ಡಾಕ್ಟರು ಬಂದು ಒಂಬತ್ತಕ್ಕೂ ಬಾಲ ಕತ್ತರಿಸಿದರು. ಡಾಬರ್ಮನ್ ಎಂದರೆ ಹಾಗೇ ಇರಬೇಕಂತೆ. ಆ ಮೋಟು ಬಾಲಗಳನ್ನು ನೆಕ್ಕಿ ವಾಸಿಮಾಡಿದವಳು ನಾನು. ನನ್ನ ಬಾಲ ಪೂರ್ತಿ ಇದೆ. ಅದೊಂದು ವಿಷಯದಲ್ಲಿ ರಾಣಿಗಿಂತ ನಾನೇ ಮೇಲು.

ಆರನೆಯ ವಾರ ಮನೆಯಲ್ಲಿ ಗಡಿಬಿಡಿ ಶುರುವಾಯಿತು. ಜಾತಿನಾಯಿ ಮರಿ ಹಾಕಿದರೆ ಕ್ಲಬ್ಬಿನವರು ಮನೆಗೆ ಬಂದು, ತಾಯಿಯ ಜೊತೆಯಲ್ಲೇ ಮರಿಗಳನ್ನು ಕಣ್ಣಾರೆ ನೋಡಿ ಸಹಿ ಹಾಕಬೇಕಂತೆ. ಸಹಿ ಇದ್ದರೆ ಕಾಗದ, ಕಾಗದ ಇದ್ದರೆ ಜಾತಿ. ಬರುವವರು ಫಿಲೋಮಿನಾ ಮೇಡಂ. ನಿವೃತ್ತ ಹೆಡ್‌ಮಿಸ್ಟ್ರೆಸ್, ಅದೂ ಮಹಾಲಿಂಗಯ್ಯನವರಿಗೇ ಪಾಠ ಹೇಳಿದ್ದವರು. ತಮ್ಮ ಚಾಂಪಿಯನ್ ಮರಿಗಳು ಕಂತ್ರಿ ನಾಯಿಯ ಹಾಲು ಕುಡಿದದ್ದು ಕ್ಲಬ್ಬಿನಲ್ಲಿ ಗೊತ್ತಾದರೆ ಮಾನ ಹೋಗುತ್ತದೆ ಎಂದು ಯಜಮಾನರಿಗೆ ದಿಗಿಲು.

ಭಾನುವಾರ ಬೆಳಿಗ್ಗೆ ನನ್ನನ್ನು ಮರಿಗಳಿಂದ ಎಳೆದು ಗಿರಣಿಯೊಳಗೆ ಕಟ್ಟಿದರು. ನಾನು ಬೊಗಳಿದರೆ ಕೇಳಬಾರದೆಂದು, ಅರೆಯಲು ಏನೂ ಇಲ್ಲದಿದ್ದರೂ ಯಂತ್ರ ಓಡಿಸಿಬಿಟ್ಟರು. ಆ ಸದ್ದಿನಲ್ಲಿ ಕೂತು ನಾನು ಕುದಿಯುತ್ತಿದ್ದೆ. ಕಪ್ ಅವಳಿಗೆ ಇರಲಿ, ಹಾಸಿಗೆ ಅವಳಿಗೆ ಇರಲಿ, ಯಜಮಾನರ ಕೈಯೂ ಅವಳಿಗೇ ಇರಲಿ. ಈ ಒಂಬತ್ತು ಮರಿಗಳ ತಾಯಿ ನಾನು ಎಂದು ಯಾರಾದರೂ ಒಬ್ಬರು, ಒಂದು ಸಲ, ಒಪ್ಪಿಕೊಳ್ಳಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಅಷ್ಟರಲ್ಲಿ ಕರೆಂಟ್ ಹೋಯಿತು. ಯಂತ್ರ ನಿಂತಿತು. ಗೋಡೆಯಾಚೆ ನನ್ನ ಮರಿಗಳು ಅಳುವುದು ಕೇಳಿಸಿತು. ಅದರ ಜೊತೆಗೆ ರಾಣಿಯ ಗುರುಗುಡುವಿಕೆ. ಕತ್ತು ಹಿಂದಕ್ಕೆ ಎಳೆದು ಎಳೆದು ಪಟ್ಟಿಯಿಂದ ತಲೆ ಬಿಡಿಸಿಕೊಂಡೆ. ಕಿವಿ ತರಚಿತು. ಓಡಿದೆ.

ಅಂಗಳದಲ್ಲಿ ಬಿಳಿ ಸೀರೆಯ ಹೆಂಗಸೊಬ್ಬರು ಕುರ್ಚಿಯಲ್ಲಿ ಕೂತಿದ್ದರು, ತೊಡೆಯ ಮೇಲೆ ಫಾರಂ. ನನ್ನನ್ನು ಕಂಡದ್ದೇ ತಡ, ಒಂಬತ್ತೂ ಬಿದ್ದು ಎದ್ದು ನನ್ನ ಕಡೆಗೆ ನುಗ್ಗಿದವು. ನಾನು ಅಲ್ಲೇ, ಎಲ್ಲರ ಮುಂದೆ, ರಾಣಿಯ ಕಣ್ಣೆದುರಿಗೇ ಅಡ್ಡಬಿದ್ದು ಹಾಲು ಕೊಟ್ಟೆ. ಜಂಬದಿಂದಲೇ ಕೊಟ್ಟೆ.

ಮೇಡಂ ಪೆನ್ನಿಗೆ ಕ್ಯಾಪ್ ಹಾಕಿದರು. “ಮಾಲಿಂಗ, ಇವು ಯಾರ ಮರಿ?”

“ರಾಣಿದೇ ಮಿಸ್. ಇದು... ಇದ್ಯಾವ್ದೋ ಬೀದಿ ನಾಯಿ.”

“ಸುಳ್ಳು ಹೇಳೋವಾಗ ನೀನು ಈಗ್ಲೂ ಕಿವಿ ಮುಟ್ಕೋತೀಯಲ್ಲೋ. ಕಾಗದ ಇರೋ ನಾಯೀನ ಮುಂದೆ ನಿಲ್ಸಿ ಬೇರೆ ಯಾವ್ದೋ ಮರಿ ತೋರ್ಸಿದ್ರೆ ನಾನು ಸಹಿ ಹಾಕಲ್ಲ.”

ಸರ್ವಮಂಗಳಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಮುಂದೆ ಬಂದರು. “ಹೆತ್ತಿದ್ದು ಅವ್ಳು ಮಿಸ್, ಸಾಕಿದ್ದು ಇವ್ಳು. ರಾಣಿಗೆ ಹಾಲೇ ಬರ್ಲಿಲ್ಲ. ಇವ್ರಿಗೆ ಹೇಳ್ಕೊಳ್ಳಕ್ಕೆ ನಾಚಿಕೆ.”

“ದಡ್ಡ! ಸಾಕುತಾಯಿ ಇಟ್ರೆ ತಪ್ಪು ಅಂತ ಯಾರೋ ಹೇಳಿದ್ದು ನಿನಗೆ?” ಮೇಡಂ ಎದ್ದು ಹೋಗಿ ರಾಣಿಯನ್ನು ಮೆಲ್ಲಗೆ ಮಗ್ಗುಲಿಗೆ ಮಲಗಿಸಿದರು. ಅವಳ ಹೊಟ್ಟೆಯ ಉದ್ದಕ್ಕೂ ಒಂದು ಗೆರೆ ಇತ್ತು. ಮರಿಗಳನ್ನು ತೆಗೆಯಲು ಕೊಯ್ದು ಹೊಲಿದ ಗಾಯ, ಇನ್ನೂ ಕೆಂಪಗಿತ್ತು. ಮೇಡಂ ಅದರ ಮೇಲೆ ಬೆರಳು ಆಡಿಸಿ, “ಪಾಪ,” ಎಂದರು. ವಾಪಸ್ಸು ಬಂದು ಕೂತು, ತಾಯಿಯ ಹೆಸರು ಬರೆಯುವ ಜಾಗದಲ್ಲಿ ರಾಣಿಯ ಕಾಗದದಲ್ಲಿದ್ದ ಉದ್ದದ ಹೆಸರು ಬರೆದರು.

“ಮಿಸ್, ನಮ್ ಬೂದಿ ಹೆಸ್ರು ಎಲ್ಲಾದ್ರೂ ಒಂದು ಕಡೆ ಹಾಕಕ್ಕಾಗುತ್ತಾ?” ಎಂದರು ಸರ್ವಮಂಗಳಮ್ಮ.

ಮೇಡಂ ಫಾರಂ ತಿರುಗಿಸಿ ಹಿಂದೆಯೂ ನೋಡಿದರು. “ಅದಕ್ಕೆ ಇದ್ರಲ್ಲಿ ಜಾಗ ಇಲ್ಲಮ್ಮ.”

ಆ ಗೆರೆಯನ್ನು ನೋಡಿ ನನಗೆ ಮರುಕ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಅವಳಿಗಿದ್ದ ಎಲ್ಲಕ್ಕಿಂತ ಆ ಗೆರೆಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಅವಳಿಗೆ ತೋರಿಸಲು ಒಂದು ಗುರುತಿತ್ತು. ನನ್ನ ಹಾಲು ಬತ್ತಿದ ಮೇಲೆ ನಾನು ಏನು ತೋರಿಸಲಿ?

ಎರಡು ವಾರದೊಳಗೆ ಮರಿಗಳು ಒಂದೊಂದಾಗಿ ಹೋದವು, ಪ್ರತಿಯೊಂದರ ಜೊತೆಗೆ ಒಂದೊಂದು ಕಾಗದ. ಚಿಕ್ಕವನು ಕೊನೆಗೆ ಹೋದ. ಹಾಸನದ ಒಬ್ಬ ಗುತ್ತಿಗೆದಾರರು ಅವನನ್ನು ಶಾಲಿನಲ್ಲಿ ಸುತ್ತಿಕೊಂಡು ಕಾರು ಹತ್ತಿದರು. ನಾನು ಕಾರಿನ ಹಿಂದೆ ಶಿರಾ ಗೇಟ್ ದಾಟುವವರೆಗೂ ಓಡಿದೆ.

ವರ್ಷಗಳು ಉರುಳಿದವು. ರಾಣಿಯ ಮೂತಿ ನರೆಯಿತು, ಪ್ರದರ್ಶನಗಳು ನಿಂತವು. ಮಹಾಲಿಂಗಯ್ಯನವರು ಕ್ಲಬ್ಬಿನ ಖಜಾಂಚಿಯಾದರು. ಅವರ ಕೈ ಈಗ ನಮ್ಮಿಬ್ಬರಿಗೂ ಅಪರೂಪ, ಅದು ಯಾವಾಗಲೂ ಫೋನಿನ ಮೇಲೇ. ನಾವು ಒಂದೇ ಉಗ್ರಾಣದಲ್ಲಿ ಮಲಗುತ್ತಿದ್ದೆವು, ಬೇರೆ ಬೇರೆ ಗೋಣಿಗಳ ಮೇಲೆ. ಅವಳು ನನ್ನ ಗೋಣಿಗೆ ಕಾಲಿಟ್ಟರೆ ನಾನು ಹಲ್ಲು ತೋರಿಸುತ್ತಿದ್ದೆ.

ಹೋದ ತಿಂಗಳು ಮಧ್ಯಾಹ್ನ ಒಂದು ಕಾರು ಬಂತು. ಹಾಸನದವರು ಇಳಿದರು. ಅವರ ಹಿಂದೆ ಅವನು ಇಳಿದ. ಎಂಥ ಎದೆ, ಎಂಥ ಕತ್ತು! ಎಲ್ಲೆಲ್ಲೋ ಕಪ್ ಗೆದ್ದವನಂತೆ. ನಾನು ಎದ್ದು ನಿಂತೆ. ರಾಣಿಯೂ ಎದ್ದು ನಿಂತಳು. ಇವಳೇಕೆ ಎದ್ದಳು ಎಂದು ನನಗೆ ಸಿಟ್ಟು ಬಂತು.

ಅವನು ಮೊದಲು ಅವಳ ಹತ್ತಿರ ಹೋದ. ಮೂಸಿದ. ಆಮೇಲೆ ನನ್ನ ಹತ್ತಿರ ಬಂದು ಮೂಸಿದ. ಯಾವುದೋ ಊರಿನ ಯಾವುದೋ ನಾಯಿಯನ್ನು ಮೂಸುವ ಹಾಗೆ. ನಮ್ಮಿಬ್ಬರನ್ನೂ ದಾಟಿಕೊಂಡು ಹೋಗಿ ಗಿರಣಿಯ ಮೆಟ್ಟಿಲಿಗೆ ಕಾಲೆತ್ತಿದ. ಸುಳ್ಳು ಯಾಕೆ ಹೇಳಲಿ, ನನಗೆ ನೋವಾಗುವುದಕ್ಕೆ ಮೊದಲು ಖುಷಿಯಾಯಿತು. ಅವಳನ್ನೂ ಗುರುತಿಸಲಿಲ್ಲವಲ್ಲ!

ಕಾಫಿ ಕುಡಿದು ಅವರು ಹೊರಟರು. ಕಾರು ತಿರುವಿನಲ್ಲಿ ಮರೆಯಾದ ಮೇಲೂ ರಾಣಿ ಗೇಟಿನಲ್ಲೇ ನಿಂತಿದ್ದಳು. ಬಹಳ ಹೊತ್ತಾದ ಮೇಲೆ ಉಗ್ರಾಣಕ್ಕೆ ಬಂದು, ತನ್ನ ಗೋಣಿಗೆ ಹೋಗದೆ ನನ್ನ ಪಕ್ಕದಲ್ಲಿ ಕುಸಿದಳು. ನಾನು ಹಲ್ಲು ತೋರಿಸಿದೆ. ಅವಳು ಲೆಕ್ಕಿಸಲಿಲ್ಲ. ಮೂಗನ್ನು ನನ್ನ ಹೊಟ್ಟೆಯ ಮೇಲೆ ಇಟ್ಟು, ಬತ್ತಿಹೋದ ಮೊಲೆಗಳನ್ನು ಒಂದೊಂದಾಗಿ ಮೂಸುತ್ತಾ ಹೋದಳು. ಹಿಂಗಾಲಿನ ಸಂದಿಯ ಕೊನೆಯ ಮೊಲೆಯ ಹತ್ತಿರ ನಿಂತಳು. ಚಿಕ್ಕವನು ಕುಡಿಯುತ್ತಿದ್ದದ್ದು ಅದೇ. ಎಲ್ಲರೂ ಮಲಗಿದ ಮೇಲೆ, ಒಬ್ಬನೇ. ನನಗಲ್ಲದೆ ಇನ್ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ವರಾಂಡದಲ್ಲಿ ಕಟ್ಟಿಹಾಕಿದ್ದ ಅವಳಿಗೆ ಉಗ್ರಾಣದ ಬಾಗಿಲು ನೇರವಾಗಿ ಕಾಣುತ್ತಿತ್ತು ಎಂಬುದು ನನಗೆ ಆಗ ಹೊಳೆಯಿತು. ಆ ವಾರಗಳೆಲ್ಲ ಅವಳು ಹಾಲಿಲ್ಲದೆ, ಹೊಲಿಗೆ ಹಾಕಿದ ಹೊಟ್ಟೆ ಹೊತ್ತು, ನನ್ನನ್ನೇ ನೋಡುತ್ತಾ ಮಲಗಿದ್ದಳು.

ಹೊಟ್ಟೆಕಿಚ್ಚು ಏನೆಂದು ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಅವಳ ಹೊಟ್ಟೆಕಿಚ್ಚಿನ ಮುಂದೆ ನನ್ನದು ಏನೂ ಅಲ್ಲ. ನಾನು ಹಲ್ಲು ಒಳಗೆಳೆದುಕೊಂಡೆ. ಅವಳು ಆ ಮೊಲೆಯ ಮೇಲೆ ಮೂಗಿಟ್ಟುಕೊಂಡೇ ನಿದ್ದೆ ಹೋದಳು.